ಒಂದೇ ತೊಲೆಯ ಮನೆ

ಕಮಲಾಪುರದ ನಮ್ಮ ಮನೆಯನ್ನು ಎರಡು ಪಾಲು ಮಾಡಿದ ಗೋಡೆ ಮಾಳಿಗೆಯನ್ನು ಮುಟ್ಟಿರಲಿಲ್ಲ. ಆಳೆತ್ತರ ಎದ್ದು ಅಲ್ಲಿಗೇ ನಿಂತಿತ್ತು. ಹೊಸದಾಗಿ ಬಂದ ಬೀಗರು ಅದನ್ನು ನೋಡಿ, "ಯಾಕ್ರೀ, ಅರ್ಧಕ್ಕ ಬಿಟ್ಟೀರಿ? ಕಲ್ಲು ಸಾಲಲಿಲ್ಲೇನು?" ಎಂದು ನಗುತ್ತಿದ್ದರು. ಕಲ್ಲಿಗೇನು ಬರ? ನಮ್ಮ ಕಡೆ ನೆಲ ಕೆದರಿದರೆ ಕಲ್ಲು. ಅಪ್ಪ ಬೇಕೆಂದೇ ಅಷ್ಟಕ್ಕೆ ನಿಲ್ಲಿಸಿದ್ದ. ಯಾಕೆ ನಿಲ್ಲಿಸಿದ ಎಂದು ಹೇಳಬೇಕಾದರೆ ಆ ಮನೆ ಯಾರದಿತ್ತು, ಹೇಗಿತ್ತು ಎಂಬಲ್ಲಿಂದ ಶುರು ಮಾಡಬೇಕು. ಕೇಳುವವರಿಗೆ ತಾಳ್ಮೆ ಇರಲಿ. ನನಗಂತೂ ಈ ವಿಷಯದಲ್ಲಿ ತಾಳ್ಮೆ ಉಳಿದಿಲ್ಲ.

ಮನೆ ಕಟ್ಟಿಸಿದವರು ನಾವಲ್ಲ. ನಿಜಾಮನ ಕಾಲದಲ್ಲಿ ಊರಿನ ಲೆಕ್ಕಪತ್ರ ಬರೆಯುತ್ತಿದ್ದ ಒಂದು ವೈಷ್ಣವ ಮನೆತನ ಕಟ್ಟಿಸಿದ್ದು. ಮನೆಯೊಳಗೆ ಮರಾಠಿ, ಅಂಗಳದಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು ಆಡುತ್ತಿದ್ದ ಜನ. ತಲೆಬಾಗಿಲಿನ ಮೇಲಿನ ಕಟ್ಟಿಗೆಯಲ್ಲಿ ಶಂಖ ಚಕ್ರ ಕೆತ್ತಿಸಿದ್ದರು, ಹಿತ್ತಿಲಲ್ಲಿ ತುಳಸಿ ಕಟ್ಟೆ ಕಟ್ಟಿಸಿದ್ದರು. ಅವರು ಪಟ್ಟಣ ಸೇರುವಾಗ ಜೋಳ, ತೊಗರಿ ವ್ಯಾಪಾರ ಮಾಡುತ್ತಿದ್ದ ನನ್ನ ಮುತ್ತಜ್ಜ ಕೊಂಡ. ಆ ಮನೆಯ ಮುದುಕಿ ಗಾಡಿ ಹತ್ತುವಾಗ ಕೇಳಿದ್ದು ಒಂದೇ ಮಾತಂತೆ, ತುಳಸಿ ಒಣಗಿಸಬೇಡಿರಿ ಎಂದು. ನಮ್ಮ ಮುತ್ತಜ್ಜಿ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಸಾಯುವ ತನಕ ಆ ತುಳಸಿಗೆ ನೀರು ಹಾಕಿದಳು. ಓಣಿಯ ಹೆಂಗಸರು "ಏನವ್ವ, ಶಿವನ್ನ ಬಿಟ್ಟು ಎಲ್ಲಿಗೆ ಹೊಂಟಿ?" ಎಂದು ಕಾಡಿಸಿದರೆ, "ಮಾತು ಕೊಟ್ಟೀನಿ, ಶಿವಗೂ ಗೊತ್ತದ" ಎನ್ನುತ್ತಿದ್ದಳಂತೆ. ಮುತ್ತಜ್ಜನೂ ಬಾಗಿಲಿನ ಶಂಖ ಚಕ್ರ ಕೆತ್ತಿ ತೆಗೆಸಲಿಲ್ಲ. ಅದರ ಮೇಲೆಯೇ ಮೂರು ಬೆರಳಿನ ವಿಭೂತಿ ಎಳೆದು ಒಳಗೆ ಬಂದ.

ಮನೆ ಕೊಂಡ ಕಾಗದ ಉರ್ದುವಿನಲ್ಲಿತ್ತು. ನಮ್ಮಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ, ಓದಿಸುವ ಗರಜೂ ಬೀಳಲಿಲ್ಲ. ಮನೆ ನಡೆದದ್ದೆಲ್ಲ ಬಾಯಿಮಾತಿನ ಮೇಲೆ. ಇದನ್ನು ಚಿಕ್ಕಂದಿನಲ್ಲಿ ಕೇಳಿದಾಗ ನನಗೆ ಎಂಥ ಹೆಮ್ಮೆ! ಈಗ ಮೈ ಉರಿಯುತ್ತದೆ.

ಇನ್ನು ಮನೆಯ ಕಟ್ಟಡ. ಬೀದಿಗೆ ಒಂದೇ ತಲೆಬಾಗಿಲು, ಎತ್ತು ಬಂಡಿ ನಡೆಯುವಷ್ಟು ದೊಡ್ಡದು. ದಾಟಿದರೆ ದನ ಕಟ್ಟುವ ತಗ್ಗು ಜಾಗ. ಅಲ್ಲಿಂದ ಮೊಣಕಾಲೆತ್ತರದ ಕಟ್ಟೆ ಹತ್ತಿದರೆ ಅಗಲವಾದ ಪಡಸಾಲೆ, ಅದರ ಹಿಂದೆ ಅಡಿಗೆಮನೆ, ದೇವರಮನೆ, ಕತ್ತಲೆ ಕೋಣೆಗಳು, ಕಡೆಗೆ ಹಿತ್ತಿಲು. ಗೋಡೆಗಳು ಎಷ್ಟು ದಪ್ಪವೆಂದರೆ ಬೇಸಿಗೆಯಲ್ಲಿ ನಾವು ಮಕ್ಕಳು ಗೋಡೆಯ ಗೂಡಿನೊಳಗೇ ಮಲಗಿ ನಿದ್ದೆ ತೆಗೆಯುತ್ತಿದ್ದೆವು. ಹೊರಗೆ ಕಲಬುರಗಿಯ ಬಿಸಿಲು ಕಲ್ಲು ಸುಡುತ್ತಿದ್ದರೂ ಒಳಗೆ ತಣ್ಣಗೆ. ಕಿಟಕಿ ಕಡಿಮೆ, ಬೆಳಕೆಲ್ಲ ಮಾಳಿಗೆಯ ಬೆಳಕಿಂಡಿಗಳಿಂದ. ಮಳೆ ಬಂದರೆ ಓಡಿ ಹೋಗಿ ಅವುಗಳ ಮೇಲೆ ಗಡಿಗೆ ಬೋರಲು ಹಾಕುವುದು, ಮನೆಯೊಳಗೆ ಕತ್ತಲೆ ಮಾಡಿಕೊಂಡು ಕೂತು ಹುರಿಗಡಲೆ ತಿನ್ನುವುದು.

ಪಡಸಾಲೆಯ ಉದ್ದಕ್ಕೂ, ಈ ಗೋಡೆಯಿಂದ ಆ ಗೋಡೆಯ ತನಕ, ಒಂದೇ ತೊಲೆ. ಜೋಡಣೆ ಇಲ್ಲದ ಅಖಂಡ ಸಾಗವಾನಿ. ಕೆಳಗೆ ಮೂರು ಕಂಬ. ತೊಲೆಯ ಮೇಲೆ ಅಡ್ಡ ಜಂತಿಗಳು, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮಣ್ಣು. ಸಿಮೆಂಟು, ಕಬ್ಬಿಣ ಏನೂ ಇಲ್ಲ. ಇಡೀ ಮಾಳಿಗೆ ಆ ಒಂದು ಮರದ ಬೆನ್ನಿನ ಮೇಲೆ ನಿಂತಿತ್ತು.

ನಾನು ಅವ್ವನ ಕಂಕುಳಲ್ಲಿದ್ದಾಗ ಅಪ್ಪ ಮತ್ತು ಅವನ ತಮ್ಮ, ನನ್ನ ಕಾಕಾ, ಬೇರೆಯಾದರು. ಜಗಳವಾಗಿ ಅಲ್ಲ. ಒಲೆ ಎರಡಾಗುವ ಕಾಲ ಬಂದಿತ್ತು, ಆದವು. ನಮ್ಮ ಕಡೆ ಪಾಲು ಮಾಡುವುದಕ್ಕೆ ಒಂದು ರೂಢಿ ಇದೆ. ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು. ಹಾಕುವವನು ಮೋಸ ಮಾಡಿದರೆ ಮೋಸ ಅವನ ಕೊರಳಿಗೇ ಬೀಳುತ್ತದೆ, ಅದಕ್ಕೇ ಈ ಉಪಾಯ. ಹಿರಿಯನಾದ ಅಪ್ಪ ಬಲಗಡೆ ಒಂದು ಪಾಲು, ಎಡಗಡೆ ಒಂದು ಪಾಲು ಹಾಕಿದ. ಬಲಕ್ಕೆ ತಲೆಬಾಗಿಲು, ದನದ ಜಾಗ. ಎಡಕ್ಕೆ ದೇವರಮನೆ, ದೊಡ್ಡ ಅಡಿಗೆಮನೆ, ಹಿತ್ತಿಲ ಬಾವಿ. ಕಾಕಾ ಬಲಗಡೆಯದು ಆರಿಸಿದ. ಸರಿಯೇ.

ಆದರೆ ಬಾಗಿಲು ಒಂದೇ. ಒಂದು ಮನೆಗೆ ಎರಡು ತಲೆಬಾಗಿಲು ಇಟ್ಟರೆ ವಂಶ ಒಡೆಯುತ್ತದೆ ಎಂದು ಅಜ್ಜಿ ಹಟ ಹಿಡಿದಳು. ಎಡಗಡೆಯ ಪಾಲು ಬೀದಿಗೆ ತಾಗುತ್ತಿರಲಿಲ್ಲ, ಮುಂದೆಯೂ ಪಕ್ಕಕ್ಕೂ ನೆರೆಮನೆಯ ಗೋಡೆ ಇತ್ತು, ಹಿತ್ತಿಲಾಚೆ ಬೇರೆಯವರ ಹೊಲ. ಹೀಗಾಗಿ ನಾಲ್ಕು ಮಂದಿ ಹಿರಿಯರ ಎದುರು ಲಿಂಗ ಮುಟ್ಟಿ ಮಾತಾಯಿತು, "ಬಾಗಿಲು ಇಬ್ಬರದು. ತೊಲಿ ಇಬ್ಬರದು. ಯಾರೂ ಕೈ ಹಚ್ಚಂಗಿಲ್ಲ." ಅವ್ವ ನನ್ನನ್ನು ಎತ್ತಿಕೊಂಡು ನಡುಗಂಬಕ್ಕೆ ಒರಗಿ ನಿಂತಿದ್ದಳಂತೆ. ಕಾಕಾ ಕಣ್ಣೀರು ಹಾಕಿ ಅಪ್ಪನ ಕಾಲಿಗೆ ಬಿದ್ದನಂತೆ. ಅದನ್ನು ಅವಳು ನನಗೆ, ನೆರೆಹೊರೆಯವರಿಗೆ, ಹಾಲಿನವಳಿಗೆ ಎಷ್ಟು ಸಲ ಹೇಳಿದ್ದಾಳೋ! ಯಾರು ಎಲ್ಲಿ ಕೂತಿದ್ದರು, ಯಾರು ಮೊದಲು ಕೆಮ್ಮಿದರು, ಆವೊತ್ತು ಯಾವ ಪಲ್ಯ ಮಾಡಿದ್ದಳು, ಎಲ್ಲ ಬಾಯಿಪಾಠ.

ಗೋಡೆ ಎಬ್ಬಿಸುವಾಗ ಗೌಂಡಿ ಅದನ್ನು ತೊಲೆಗೆ ಮುಟ್ಟಿಸಲು ಹೊರಟ. ಅಪ್ಪ ತಡೆದ. "ಗ್ವಾಡಿ ತೊಲಿಗೆ ಮುಟ್ಟಿದ್ರ ನಾಳೆ ಯಾರರ ಒಬ್ಬರು, ಇಲ್ಲೀ ತನಕ ನಂದು ಅಂತಾರ. ಆಳೆತ್ತರ ಸಾಕು. ಹೆಣ್ಮಕ್ಕಳಿಗೆ ಮರೆ ಆದ್ರ ಆತು." ಹೀಗೆ ಗೋಡೆ ಅಲ್ಲಿಗೇ ನಿಂತಿತು. ಒಂದು ವಿಷಯ ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ನಡುಗಂಬ ಗೋಡೆಯಿಂದ ಒಂದು ಗೇಣು ಆಚೆ, ಕಾಕಾನ ಕಡೆ ಉಳಿಯಿತು. ಅಣ್ಣತಮ್ಮಂದಿರ ನಡುವೆ ಗೇಣಿನ ಮಾತೇನು ಎಂದುಕೊಂಡರು.

ಆ ಗೋಡೆಯ ಮೇಲೆ ನಮ್ಮ ಬಾಲ್ಯವೆಲ್ಲ ದಾಟಿತು. ಕಾಕಾನ ಹೆಂಡತಿ, ನಮ್ಮ ಕಾಕು, ಬದನೆಕಾಯಿ ಎಣ್ಣೆಗಾಯಿ ಮಾಡಿದರೆ ಬಟ್ಟಲು ಗೋಡೆಯ ಮೇಲಿಂದ ಬರುತ್ತಿತ್ತು, ಖಾಲಿ ಬಟ್ಟಲು ಹಿಂದೆ ಕಳಿಸಬಾರದೆಂದು ಅವ್ವ ಶೇಂಗಾ ಹಿಂಡಿಯನ್ನೋ ಒಂದು ಬೆಲ್ಲದ ಚೂರನ್ನೋ ಹಾಕಿ ಕಳಿಸುತ್ತಿದ್ದಳು. ಅವರ ಒಗ್ಗರಣೆಗೆ ನಾವು ಸೀನುತ್ತಿದ್ದೆವು. ರಾತ್ರಿ ಅಪ್ಪ ಈಚೆ ಮಲಗಿ ಕತೆ ಹೇಳಿದರೆ ಆಚೆ ಮಲಗಿದ ಕಾಕಾನ ಮಗ, ನನ್ನ ತಮ್ಮ, "ದೊಡ್ಡಪ್ಪ, ಜೋರ್ ಹೇಳ್ರೀ, ಕೇಳವಲ್ದು" ಎಂದು ಕೂಗುತ್ತಿದ್ದ. ಕಾಕಾ ನನ್ನನ್ನು "ಮಗಳs" ಎಂದೇ ಕರೆಯುತ್ತಿದ್ದ. ಕಾಲೇಜಿಗೆ ಪಟ್ಟಣಕ್ಕೆ ಹೋಗುವಾಗ ಬಸ್ ಸ್ಟ್ಯಾಂಡಿಗೆ ಬಂದು ಕೂಡಿಸಿದವನು ಅವನೇ. ಅಪ್ಪನಿಗಿಂತ ಒಂದು ಗುಂಜಿ ಹೆಚ್ಚೇ ಅವನನ್ನು ಪ್ರೀತಿಸಿದ್ದೆ ಎಂದರೂ ಸುಳ್ಳಲ್ಲ.

ನಾನು ಒಬ್ಬಳೇ ಮಗಳು. ಮದುವೆ ಆಗಲಿಲ್ಲ, ಅದರ ಕತೆ ಇಲ್ಲಿ ಬೇಡ. ಕಲಬುರಗಿಯ ಒಂದು ದವಾಖಾನೆಯ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ ಸಿಕ್ಕಿತು, ಜೇವರ್ಗಿ ಕಾಲೋನಿಯಲ್ಲಿ ಬಾಡಿಗೆ ಮನೆ ಹಿಡಿದೆ. ಅಪ್ಪ ಹೋಗುವಾಗ ತನ್ನ ಪಾಲು ನನ್ನ ಹೆಸರಿಗೆ ಬಿಟ್ಟು ಹೋದ. ಹೆಣ್ಣಿಗೆ ಮನೆಯೇ ಎಂದು ಊರಲ್ಲಿ ಗುಸುಗುಸು ಎದ್ದಾಗ ಕಾಕಾನೇ ಗದರಿದ, "ನಮ್ಮ ಮನಿ ಹೆಣ್ಣು, ನಮ್ಮ ಮನಿ ತೊಗೋತಾಳ. ನಿಮಗ್ಯಾಕ ಹೊಟ್ಟಿಕಿಚ್ಚು?" ಆ ಮಾತಿಗೆ ಅವನ ಕಾಲು ತೊಳೆದು ನೀರು ಕುಡಿಯಬೇಕೆನಿಸಿತ್ತು.

ಅವ್ವನನ್ನು ನನ್ನ ಜೊತೆ ಕರೆತಂದೆ. ನಮ್ಮ ಪಾಲಿಗೆ ಬೀಗ ಬಿತ್ತು. ಆದರೆ ನನ್ನ ಲೆಕ್ಕ ಸ್ಪಷ್ಟವಿತ್ತು. ನೌಕರಿ ಮುಗಿದ ಮೇಲೆ ಅಲ್ಲಿಗೇ ಹೋಗಿ ಇರುವುದು. ಜಗತ್ತಿನಲ್ಲಿ ನನ್ನದು ಎನ್ನಲು ಇದ್ದದ್ದು ಅದೊಂದೇ. ಬಾಡಿಗೆ ಮನೆಯ ಮಾಲಕ ಗೋಡೆಗೆ ಮೊಳೆ ಹೊಡೆಯಬೇಡಿರಿ ಎಂದಾಗಲೆಲ್ಲ ಮನಸ್ಸಿನಲ್ಲಿ ಅವನಿಗೆ, ಇಟ್ಕೊ ನಿನ್ನ ಗ್ವಾಡಿ, ಕಮಲಾಪುರದಾಗ ನನ್ನ ಮನಿ ಅದ ಎಂದು ಹೇಳಿಕೊಳ್ಳುತ್ತಿದ್ದೆ.

ಮಣ್ಣಿನ ಮಾಳಿಗೆ ಮಗುವಿದ್ದ ಹಾಗೆ, ವರ್ಷವೂ ಜೋಪಾನ ಮಾಡಬೇಕು. ಮಳೆಗಾಲಕ್ಕೆ ಮುಂಚೆ ಊರ ಹೊರಗಿನ ಹಾಳುಗೋಡೆಗಳ ಹಳೆ ಮಣ್ಣು ತಂದು, ಹುಲ್ಲು ಹುಟ್ಟದಿರಲೆಂದು ಉಪ್ಪು ಬೆರೆಸಿ, ಹಾಸಿ, ಬಡಿದು ಕೂಡಿಸಬೇಕು. ಕೆಳಗೆ ಗೋಡೆ ಇದ್ದರೂ ಮೇಲೆ ಮಾಳಿಗೆ ಒಂದೇ, ನೀರು ಹರಿದು ಹೋಗುವ ದಿಕ್ಕೂ ಒಂದೇ. ಹೀಗಾಗಿ ಎರಡೂ ಪಾಲಿಗೆ ಒಂದೇ ದಿನ ಮಣ್ಣು. ನಾನು ಪ್ರತಿ ವರ್ಷ ರಜೆ ಹಾಕಿ ಹೋಗುತ್ತಿದ್ದೆ. ಕಾಕಾನ ಮಗ ಬುಟ್ಟಿ ಏರಿಸುವುದು, ನಾನು ಹರವುವುದು, ಕಾಕಾ ಕೆಳಗೆ ಕೂತು "ಮೂಲ್ಯಾಗ ಹಾಕ್ರೀ, ಮೂಲಿ ಬಿಡಬ್ಯಾಡ್ರೀ" ಎಂದು ಹುಕುಂ ಮಾಡುವುದು. ಮಧ್ಯಾಹ್ನ ಕಾಕುವಿನ ಕೈಯ ರೊಟ್ಟಿ, ಪುಂಡಿಪಲ್ಯ. ನನಗೆ ಅದೇ ಹಬ್ಬ.

ಒಂದು ಬೇಸಿಗೆ ಕಾಕಾ ಫೋನು ಮಾಡಿದ.

"ಈ ಸರತಿ ನೀ ಬರಬ್ಯಾಡವ ಮಗಳs. ಬಿಸಲು ಭಾಳ ಅದ. ನಿಮ್ಮವ್ವನ್ನ ಒಬ್ಬಾಕಿನ ಬಿಟ್ಟು ಹ್ಯಾಂಗ ಬರ್ತಿ? ನಾವs ಹಾಕಿಸ್ತೀವಿ."

"ಅಲ್ಲ ಕಾಕಾ, ನಂದೂ ಪಾಲು..."

"ಪಾಲು ಗೀಲು ಅನ್ನಬ್ಯಾಡ. ನೀ ನನ್ನ ಮಗಳ ಹೌದಿಲ್ಲೋ?"

ಫೋನಿಟ್ಟು ಅತ್ತುಬಿಟ್ಟೆ. ಇಂಥ ಕಾಕಾ ಯಾರಿಗಿದ್ದಾನೆ! ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿಕೊಂಡು ಮೆರೆದೆ. ಅವ್ವನಿಗೆ ಹೇಳಿದರೆ ಅವಳು "ಹೂಂ" ಎಂದು ಸೊಪ್ಪು ಸೋಸುತ್ತ ಕೂತಳು. ಬಿಸಿಲಿಗೆ ಅವಳಿಗೆ ಬೇಸರವಾಗಿದೆ ಎಂದುಕೊಂಡೆ.

ಮಳೆ ಇನ್ನೂ ಹಿಡಿದಿರಲಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿಗೆ ಹೋಗಿದ್ದೆ, ಅವ್ವನಿಗೆ ಸೀರೆಯ ಫಾಲು ತರಲು. ಅಲ್ಲಿ ಅಂಗಡಿಗಳ ಮುಂದೆ ಕಮಲಾಪುರದ ಕೆಂಪು ಬಾಳೆಹಣ್ಣು ಮಾರುವ ಒಬ್ಬ ಹೆಂಗಸು ಕೂಡುತ್ತಾಳೆ, ನಮ್ಮ ಓಣಿಯ ಆಚೆಯವಳು. ನನ್ನನ್ನು ಕಂಡವಳೇ ಕೂಗಿದಳು.

"ಏನ್ರೀ ಅಕ್ಕೋರ, ಅಲ್ಲಿ ಮನಿ ಕೆಡವಿ ಇಳಸಾಕತ್ತಾರ, ನೀವು ಇಲ್ಲಿ ಬಜಾರ ಮಾಡಾಕತ್ತೀರಿ?"

"ಯಾರ ಮನಿ?"

"ಯಾರ ಮನಿ ಅಂತ ಕೇಳ್ತಾರಲ್ಲ! ನಿಮ್ಮದs ರೀ. ನಿಮಗ ಗೊತ್ತಿಲ್ಲೇನು?" ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು.

ನಾನು ನಗಲು ನೋಡಿದೆ. ಮಣ್ಣು ಹಾಕುವುದನ್ನು ನೋಡಿ ಇವಳು ತಪ್ಪು ತಿಳಿದಿದ್ದಾಳೆ ಎಂದುಕೊಂಡೆ. ಕಾಕಾನಿಗೆ ಫೋನು ಹಚ್ಚಿದೆ, ಎತ್ತಲಿಲ್ಲ. ತಮ್ಮನಿಗೆ ಹಚ್ಚಿದೆ, ಎತ್ತಲಿಲ್ಲ. ಸೀರೆ ಅಂಗಡಿಯ ಮುಂದಿಂದಲೇ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಹೋದೆ.

ಓಣಿ ತಿರುಗಿದರೆ ಮೊದಲು ಕಂಡದ್ದು ಆಕಾಶ. ತಲೆಬಾಗಿಲಿದ್ದ ಕಡೆ ಬಾಗಿಲಿಲ್ಲ, ಚೌಕಟ್ಟಿಲ್ಲ, ಶಂಖ ಚಕ್ರವಿಲ್ಲ. ಕಾಕಾನ ಪಾಲು ಪೂರ್ತಿ ನೆಲಸಮ. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಜಂತಿಗಳನ್ನು ಒಟ್ಟಿದ್ದರು, ಅದರ ಮೇಲೆ ಆ ಸಾಗವಾನಿ ತೊಲೆ ಬಿದ್ದಿತ್ತು. ಅರ್ಧ ತೊಲೆ. ಉಳಿದರ್ಧ ನಮ್ಮ ಕಡೆ ಇತ್ತು. ಗೋಡೆಯ ನೇರಕ್ಕೆ, ಬೆಣ್ಣೆ ಕೊಯ್ದ ಹಾಗೆ ಕೊಯ್ದಿದ್ದರು. ನಡುಗಂಬ ಅವರ ಕಡೆಯ ಗೇಣಿನಲ್ಲಿತ್ತಲ್ಲ, ಅದನ್ನೂ ಕಿತ್ತಿದ್ದರು. ನಮ್ಮ ತೊಲೆಯ ತುದಿ ಗಾಳಿಯಲ್ಲಿ ಜೋತುಬಿದ್ದಿತ್ತು, ಕೆಳಗೆ ಎರಡು ಬೊಂಬು ಆಸರೆ ಕೊಟ್ಟಿದ್ದರು. ಮಾಳಿಗೆಯ ಮಣ್ಣು ತುದಿಯಿಂದ ಸುರಸುರ ಇಳಿಯುತ್ತಿತ್ತು.

ಕಾಕಾ ಎದುರಿನ ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

"ಬಾರವ, ಬಾ. ಬಿಸಲಾಗ ಬಂದಿ. ಛಾ ತರಸ್ತೀನಿ."

"ಕಾಕಾ, ಏನಿದು?"

"ಏನದ? ಹಳೇ ಮನಿ, ಹಾವು ಚೇಳು. ಹುಡುಗ ಅಂಗಡಿ ಕಟ್ಟಸ್ತಾನಂತ. ನಮ್ಮ ಪಾಲಿನ ತನಕ ಅಷ್ಟs ಇಳಿಸೀವಿ. ನಿಮ್ಮದಕ್ಕ ಕೈ ಹಚ್ಚಿಲ್ಲ ನೋಡು."

"ತೊಲಿ ಇಬ್ಬರದು!"

"ಹೌದಲ್ಲ. ಅದಕ್ಕs ಅರ್ಧ ಬಿಟ್ಟೀವಿ."

ಹೀಗೂ ಒಂದು ಉತ್ತರ ಇರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆಮೇಲೆ ಬಾಗಿಲಿನ ಮಾತು ತೆಗೆದೆ. "ಬಾಗಲಾ ನಮ್ಮ ಕಡೀಗೇ ಇತ್ತಲ್ಲವ, ಅದು ಬಲಗಡಿ ಪಾಲಿಗೆ ಬಂದದ್ದು" ಎಂದ ಕಾಕಾ. ಹಾಗಾದರೆ ನಾನು ನನ್ನ ಮನೆಗೆ ಎಲ್ಲಿಂದ ಹೋಗಲಿ ಎಂದು ಕೇಳಿದೆ. ಅವನು ಬಲು ಪ್ರೀತಿಯಿಂದ, ಬಸ್ಸಿನಲ್ಲಿ ಕೂಡಿಸುವಾಗ ಮಾತಾಡುತ್ತಿದ್ದ ಅದೇ ದನಿಯಲ್ಲಿ ಹೇಳಿದ, "ಯಾಕ ಹೋಗ್ತಿ ಮಗಳs? ಒಬ್ಬಾಕಿ ಹೆಣ್ಮಗಳು ಇಲ್ಲಿ ಬಂದು ಏನ್ ಮಾಡ್ತಿ? ನಮಗs ಬಿಟ್ಟುಕೊಡು. ಮನ್ಯಾಗಿನ ಸೊತ್ತು ಮನ್ಯಾಗ ಉಳೀತದ."

ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ ಎನ್ನುವುದನ್ನು ಕೇಳಿದ್ದೆ, ಅವತ್ತು ನೋಡಿದೆ. ಅಷ್ಟು ದಿನ ಅವನು ತೋರಿಸಿದ ಪ್ರೀತಿಯಲ್ಲಿ ಯಾವುದು ಖರೆ, ಯಾವುದು ಈ ದಿನಕ್ಕೆ ಕಾಯ್ದದ್ದು? ಬರಬೇಡ ಎಂದ ಫೋನಿಗೆ ನಾನು ಅತ್ತದ್ದು ನೆನಪಾಗಿ ನನ್ನ ಮೇಲೇ ಥೂ ಎನಿಸಿತು. ಓಣಿಯೆಲ್ಲ ಕೇಳುವಂತೆ ಕಿರುಚಾಡಿದೆ. ಬೊಂಬು ತೆಗೆದು ಗಟ್ಟಿ ಕಂಬ ಕೊಡಿಸು ಎಂದೆ. ತಮ್ಮ ಟ್ರಾಲಿಯ ಹಿಂದೆ ನಿಂತು ಹಗ್ಗ ಬಿಗಿಯುತ್ತಲೇ ಇದ್ದ, ನನ್ನ ಕಡೆ ನೋಡಲಿಲ್ಲ. ತೊಲೆ ನಂದೂರಿನ ಯಾವುದೋ ಕಾರಖಾನೆಯವನು ತನ್ನ ಹೊಸ ಮನೆಗೆ ಕೊಂಡಿದ್ದನಂತೆ.

ಓಣಿಯ ಹಿರಿಯರು ಬಂದು ನನ್ನನ್ನು ಸಮಾಧಾನ ಮಾಡಿದರು. ಪಾಲು ಆದಾಗ ಕೂತಿದ್ದ ನಾಲ್ವರಲ್ಲಿ ಯಾರೂ ಉಳಿದಿರಲಿಲ್ಲ. ಅಜ್ಜಿಯೂ ಇಲ್ಲ, ಅಪ್ಪನೂ ಇಲ್ಲ. ಕಾಕು ಗಂಡನ ಮಾತಿಗೆ ಎದುರಾಡುವವಳಲ್ಲ. ಒಬ್ಬ ಹಿರಿಯರು ಹೇಳಿದರು, "ನೋಡವ್ವ, ಆ ಮಾತು ಕಿವಿಲೆ ಕೇಳಿದಾಕಿ ಈಗ ನಿಮ್ಮವ್ವ ಒಬ್ಬಾಕೀನs. ಕರ್ಕೊಂಡು ಬಾ. ಆಕಿ ಏನ್ ಹೇಳ್ತಾಳ ಅದs ಖರೆ. ಬಾಗಲಾ ಇಬ್ಬರದಂದ್ರ ನಿಮ್ಮ ಕಾಕಾ ಹಾದಿ ಬಿಡಬೇಕು, ತೊಲಿ ನಿಂದರಿಸಿ ಕೊಡಬೇಕು. ನಾವು ಬಿಡಸ್ತೀವಿ." ಕಾಕಾ ತಲೆಯಾಡಿಸಿದ. "ಆಗಲಿ. ವೈನಿ ಹೇಳಿದ್ದು ನನಗ ದೇವರ ಮಾತು."

ನನಗೆ ಜೀವ ಬಂದಂತಾಯಿತು. ಅವ್ವ! ಆ ದಿನದ ಪಲ್ಯ ಕೂಡ ಬಾಯಿಪಾಠವಿದ್ದ ಅವ್ವ! ಲ್ಯಾಬಿನ ಗೆಳತಿಯರು ಕೋರ್ಟಿಗೆ ಹೋಗು ಎಂದರು. ಕೋರ್ಟು ಯಾಕೆ, ನನ್ನ ಸಾಕ್ಷಿ ನನ್ನ ಮನೆಯಲ್ಲೇ ಕೂತು ರೊಟ್ಟಿ ತಿನ್ನುತ್ತಿದೆ ಎಂದೆ. ಅವ್ವನಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. "ಹೋಗೂಣಂತ" ಎಂದಳು ಅಷ್ಟೇ.

ಮುಂದಿನ ರವಿವಾರ ಕಾರು ಮಾಡಿಕೊಂಡು ಹೋದೆವು. ಅವ್ವ ಇಳಕಲ್ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಹಚ್ಚಿದ್ದಳು. ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ತಮ್ಮ ಓಡಿ ಬಂದು ಕಾರಿನ ಬಾಗಿಲು ತೆಗೆದ. "ದೊಡ್ಡವ್ವ, ಸಾವಕಾಶ" ಎಂದು ಕೈ ಹಿಡಿದು ಇಳಿಸಿದ, ಕಾಲು ಮುಟ್ಟಿದ, ಕುರ್ಚಿ ತಂದು ಹಾಕಿದ, ತಂಬಿಗೆಯಲ್ಲಿ ನೀರು ಕೊಟ್ಟ. ಆಡು ಮಗನೇ, ಆಟ ಆಡು ಎಂದುಕೊಂಡೆ ನಾನು.

ಹಿರಿಯರು ಕೇಳಿದರು, "ಯವ್ವ, ನಿಮ್ಮ ಯಜಮಾನ್ರು ಪಾಲು ಹಾಕಿದಾಗ ಬಾಗಲಾ, ತೊಲಿ ಬಗ್ಗೆ ಏನು ಮಾತಾಗಿತ್ತು? ದೇವರ ಮುಂದ ಕುಂತೀವಿ. ಇದ್ದದ್ದು ಹೇಳ್ರಿ."

ಅವ್ವ ಕಾಕಾನನ್ನು ನೋಡಿದಳು. ತಮ್ಮನನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

"ಭಾಳ ದಿವಸ ಆತ್ರೀ. ನನಗ ನೆನಪಿಲ್ಲ."

"ಅವ್ವ!"

"ಗಂಡಸರು ಮಾತಾಡಿದ್ದು. ನಾ ಒಳಗ ಅಡಿಗಿ ಮಾಡಾಕತ್ತಿದ್ದೆ."

ನಾನು ಎದ್ದು ಹೋಗಿ ಅವಳ ಭುಜ ಅಲುಗಿಸಿದೆ. "ನಡುಗಂಬಕ್ಕ ಒರಗಿ ನಿಂತಿದ್ದಿ, ನನ್ನ ಎತ್ತಿಕೊಂಡಿದ್ದಿ! ಹೇಳಿದ್ದಿಲ್ಲೇನು ನನಗ? ಹಾಲಿನಾಕಿಗೂ ಹೇಳೀದಿ!" ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ನೆಲ ನೋಡುತ್ತ ಕೂತಳು. ಹಿರಿಯರೊಬ್ಬರು, "ಬಿಡವ್ವ, ವಯಸ್ಸಾದಾಕಿಗಿ ಯಾಕ ಕಾಡ್ತಿ" ಎಂದು ನನ್ನನ್ನೇ ಗದರಿದರು. ಕಾಕಾ ಕೈಮುಗಿದು ಎದ್ದ. ಕಟ್ಟೆಯ ಮೇಲೆ ಬಾಯಿ ಬಡಿದುಕೊಂಡು ಅಳುವ ಹುಚ್ಚಿ ನಾನೊಬ್ಬಳೇ ಉಳಿದೆ.

ಮನೆಯ ಗತಿಯನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ದೊಡ್ಡ ಮಳೆ ಬಂದಾಗ ಬೊಂಬುಗಳು ಹಸಿ ಮಣ್ಣಿನಲ್ಲಿ ಇಳಿದವು, ನಮ್ಮ ಪಡಸಾಲೆಯ ಮಾಳಿಗೆ ಕುಸಿದು ಕೂತಿತು. ಹಿತ್ತಿಲಿಗೆ ಹೋಗಿ ತುಳಸಿ ಕಟ್ಟೆ ನೋಡಬೇಕೆಂದರೂ ನನಗೆ ಹಾದಿ ಇರಲಿಲ್ಲ. ಬೀದಿ ಇಲ್ಲದ, ಬಾಗಿಲಿಲ್ಲದ ಜಾಗ ಕೊಳ್ಳುವವರು ಊರಲ್ಲಿ ಒಬ್ಬರೇ, ಕಾಕಾನ ಮನೆಯವರು. ಕಡೆಗೆ ಅವರಿಗೇ ಬರೆದುಕೊಟ್ಟೆ. ಈಗ ಅಲ್ಲಿ ಸಾಲಾಗಿ ಅಂಗಡಿಗಳಿವೆ, ಒಂದರಲ್ಲಿ ಮೊಬೈಲು ರಿಪೇರಿ ಮಾಡುತ್ತಾರೆ.

ಆದರೆ ಮನೆ ಹೋದದ್ದು ನನಗೆ ತೊಲೆ ಬಿದ್ದ ದಿನವಲ್ಲ, ಆ ರವಿವಾರ ತಿರುಗಿ ಬರುವಾಗ. ಊರು ದಾಟಿದ ಮೇಲೆ ಡ್ರೈವರ್ ಒಬ್ಬ ಮುಂದಿದ್ದಾನೆ ಎಂಬ ನಾಚಿಕೆಯೂ ಉಳಿಯಲಿಲ್ಲ.

"ಯಾಕ ಸುಳ್ಳು ಹೇಳಿದಿ?"

ಅವ್ವ ಕಿಟಕಿಯಾಚೆ ನೋಡುತ್ತಿದ್ದಳು. "ಅವ ಮೊದಲs ಬಂದು ಹೇಳಿ ಹೋಗಿದ್ದ."

"ಯಾರು?"

"ನಿನ್ನ ತಮ್ಮ. ಬ್ಯಾಸಿಗ್ಯಾಗ, ನೀ ದವಾಖಾನಿಗೆ ಹೋದಾಗ. ದೊಡ್ಡವ್ವ, ಮನಿ ಇಳಸ್ತೀವಿ, ನೀ ನಡಕ ಬರಬ್ಯಾಡ ಅಂದ."

ಫೋನು ಬರುವುದಕ್ಕಿಂತ ಮೊದಲೇ ಇವಳಿಗೆ ಗೊತ್ತಿತ್ತು. ನಾನು ಕಾಕಾನ ಗುಣಗಾನ ಮಾಡುವಾಗ ಎದುರು ಕೂತು ಸೊಪ್ಪು ಸೋಸಿದಳಲ್ಲ, ಆಗಲೂ ಗೊತ್ತಿತ್ತು.

"ನೀ ಏನಂದಿ ಅವನಿಗಿ?"

"ಏನ್ ಅನ್ಲಿ? ಗಂಡಮಗ. ಕೇಳಾಕರ ಬಂದಿದ್ದ."

"ನಂದು ಅದೊಂದs ಮನಿ ಇತ್ತು ಅವ್ವ. ಗೊತ್ತಿತ್ತಿಲ್ಲ ನಿನಗ?"

"ಗೊತ್ತಿತ್ತು." ಸೆರಗು ಸರಿ ಮಾಡಿಕೊಂಡು ಅಂದಳು, "ನಾಳಿ ನಾ ಸತ್ರ ಹೆಗಲು ಕೊಡಾಕ ಅವನs ಬರಬೇಕಲ್ಲವ. ಅವನ್ನ ಎದುರು ಹಾಕ್ಕೊಂಡ್ರ ನನ್ನ ಯಾರು ಹೊರ್ತಾರ? ನೀ ಹೆಣ್ಣು."

ಸಿಟ್ಟಿಗೆ ನನ್ನ ಕಣ್ಣು ಮಂಜಾದವು. ಇಷ್ಟು ವರ್ಷ ಇವಳಿಗೆ ಎಣ್ಣೆ ಹಚ್ಚಿ ಎರೆದದ್ದು ನಾನು. ಜ್ವರ ಬಂದರೆ ರಾತ್ರಿಯೆಲ್ಲ ಕೂತದ್ದು ನಾನು. ಮೊಣಕಾಲು ಹಿಡಿದ ಮೇಲೆ ಎತ್ತಿ ಕೂಡಿಸಿದ್ದು, ಬಚ್ಚಲಿಗೆ ಒಯ್ದದ್ದು, ಮಲಗಿಸಿದ್ದು ನಾನು. ಒಂದೊಂದಾಗಿ ಎಲ್ಲವನ್ನೂ ಅವಳ ಮುಖದ ಮೇಲೆ ಎಸೆದೆ. ಬಾಯಿಗೆ ಬಂದದ್ದು ಅಂದೆ. "ದಿನಾ ನಿನ್ನ ಹೊರಾಕತ್ತೀನಲ್ಲ, ಇದು ಹೆಗಲಲ್ಲೇನು?" ಎಂದು ಕೇಳಿದೆ.

"ಅದು ಬ್ಯಾರೆ" ಎಂದಳು ಅವ್ವ. ಸಿಟ್ಟಿಲ್ಲದೆ, ಗೊತ್ತಿಲ್ಲದ ಮಗುವಿಗೆ ತಿಳಿಹೇಳುವಂತೆ ಹೇಳಿದಳು.

ಕಾಲೋನಿ ಬಂತು. ಡ್ರೈವರ್ ಬಾಗಿಲು ತೆಗೆದ. ಅವ್ವ ಒಂದು ಕಾಲು ಹೊರಗೆ ಇಟ್ಟು, ಎಂದಿನಂತೆ ಕೈ ಚಾಚಿ ಕಾದಳು. ಬಿಟ್ಟು ಒಳಗೆ ಹೋಗಿಬಿಡಬೇಕೆನಿಸಿತು. ದೇವರಾಣೆ ಅನಿಸಿತು. ಬಗ್ಗಿದೆ. ಅವಳು ನನ್ನ ಹೆಗಲಿನ ಮೇಲೆ ಪೂರಾ ಭಾರ ಹಾಕಿ ಎದ್ದಳು, ಮೆಟ್ಟಿಲು ಹತ್ತುವಾಗ ನನ್ನ ಕಿವಿಯ ಹತ್ತಿರ, "ಗಟ್ಟಿ ಹಿಡಿಯವ್ವ, ಬಿದ್ದೇನು" ಎಂದಳು. ಗಟ್ಟಿಯಾಗಿಯೇ ಹಿಡಿದೆ.